ಕರಗದೆ ಕಾಣದಾಗುವ ಗಡ್ಡೆ



ಈಚಿನ ಮದುವೆಗಳಲ್ಲಿ ವಧೂವರರ ಕಾಲಬಳಿ ಬಿಳಿಯ ಹೊಗೆ ಹರಿದಾಡುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅದು ಹೊಗೆಯೂ ಅಲ್ಲ, ಹಲವರು ತಿಳಿದಿರುವಂತೆ ಇಂಗಾಲಾಮ್ಲ ವಾಯುವೂ ಅಲ್ಲ. ಆ ವಾಯು ಕಣ್ಣಿಗೆ ಕಾಣದು. ಒಣ ಮಂಜುಗಡ್ಡೆಯನ್ನು ಬಿಸಿನೀರಿಗೆ ಹಾಕಿದಾಗ ಹೊರಡುವ ಅತಿ ಶೀತಲವಾದ ವಾಯುವಿನ ಸಂಗದಿಂದ ನೀರಾವಿಯು ಸೂಕ್ಷ್ಮವಾದ ಹನಿಗಳಾಗುತ್ತದೆ. ನಾವು ನೋಡಿ ಬೆರಗಾಗುವುದು ಆ ಹನಿಗಳನ್ನೇ. ತರಗತಿಯಲ್ಲಿ ಈ ಆಟವನ್ನು ತೋರಿಸಿ ಇಷ್ಟನ್ನು ಹೇಳದೆ ಬಿಟ್ಟರೆ ಹುಡುಗರು ತಪ್ಪನ್ನೇ ಕಲಿತು ಮನೆಗೆ ಹೋಗುತ್ತಾರೆ.

ಕಲಿಸಬೇಕಾದುದು ಬೇರೆ ಉಂಟು. ಒಂದು ತಟ್ಟೆಯಲ್ಲಿ ನೀರಿನ ಗಡ್ಡೆಯನ್ನೂ ಇನ್ನೊಂದರಲ್ಲಿ ಒಣ ಗಡ್ಡೆಯನ್ನೂ ಇಟ್ಟು ಕಾದರೆ, ಮೊದಲನೆಯದರಲ್ಲಿ ನೀರು ಉಳಿಯುತ್ತದೆ, ಎರಡನೆಯದರಲ್ಲಿ ಏನೂ ಉಳಿಯುವುದಿಲ್ಲ. ಸೊನ್ನೆಗಿಂತ 78 ಡಿಗ್ರಿ ಕೆಳಗಿರುವ ಈ ವಸ್ತು ನಮ್ಮ ಸುತ್ತಣ ಗಾಳಿಯ ಒತ್ತಡದಲ್ಲಿ ದ್ರವವಾಗಲಾರದು. ದ್ರವವಾಗಬೇಕಾದರೆ ಅದರ ಐದು ಪಟ್ಟಿಗಿಂತಲೂ ತುಸು ಹೆಚ್ಚಿನ ಒತ್ತಡ ಬೇಕು. ಆದುದರಿಂದ ಘನವು ನೇರವಾಗಿ ವಾಯುವಾಗುತ್ತದೆ; ಇದಕ್ಕೆ ಉತ್ಪತನವೆಂದು ಹೆಸರು. ಇದನ್ನು ಸೀಸೆಯಲ್ಲಿ ಹಾಕಿ ಬಿರಟೆ ಬಿಗಿದರೆ ಸೀಸೆ ಸಿಡಿಯುವುದು. ಬರಿಗೈಯಿಂದ ಹಿಡಿದರೆ ಚರ್ಮ ಬೆಂದಂತಾಗುವುದು. ಕಿಟಕಿಗಳು ಮುಚ್ಚಿದ ಕೋಣೆಯಲ್ಲಿ ಉಸಿರಿಗೇ ಅಪಾಯ.

ಇನ್ನು ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಡದಲ್ಲಿ, ನೀಲಾಂಬಿಕೆಯ ಐಕ್ಯಸ್ಥಳವೆಂದು ಹೆಸರಾದ ತಂಗಡಗಿಯಂಥ ಊರಿನ ಉಪಾಧ್ಯಾಯರನ್ನು ನೆನೆಯೋಣ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಆ ಸೀಮೆಗೆ ದೂರದ ನಗರದಿಂದ ಇದನ್ನು ತರಿಸಿದರೆ, ಒಳ್ಳೆಯ ಪೆಟ್ಟಿಗೆಯಲ್ಲಿಟ್ಟರೂ ದಿನಕ್ಕೆ ಎರಡು ಮೂರು ಕಿಲೋಗ್ರಾಂ ದಾರಿಯಲ್ಲಿಯೇ ವಾಯುವಾಗಿ ಹೋದೀತು. ಹಾಗೆಂದು ಅಲ್ಲಿಯ ಮಕ್ಕಳಿಗೆ ಈ ಪಾಠ ತಪ್ಪಬೇಕೆ? ಅಂಗಡಿಯ ಕರ್ಪೂರ ಸಾಲದೆ?

ಅಗಲ ಬಾಯಿಯ ಪಾತ್ರೆಯೊಂದರಲ್ಲಿ ಕರ್ಪೂರದ ಪುಡಿಯನ್ನು ಹಾಕಿ, ಅದನ್ನು ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಬಾಯಿಗೆ ತಣ್ಣೀರು ತುಂಬಿದ ತಟ್ಟೆಯನ್ನು ಮುಚ್ಚಿಡಿರಿ. ಒಲೆಯ ಉರಿ ಹತ್ತಿರವಿರಕೂಡದು; ಕರ್ಪೂರದ ಆವಿಗೆ ಬೆಂಕಿ ತಗಲೀತು. ಸ್ವಲ್ಪ ಹೊತ್ತಾದ ಮೇಲೆ ತಟ್ಟೆಯ ತಳದಲ್ಲಿ ಬಿಳಿಯ ಹರಳುಗಳು ಕೂತಿರುತ್ತವೆ. ಹೋದದ್ದು ನಾಶವಾಗಲಿಲ್ಲವೆಂಬುದನ್ನು ಮದುವೆಮನೆಯ ಗಡ್ಡೆ ಇಷ್ಟು ಚೆನ್ನಾಗಿ ತೋರಿಸಲಾರದು. ನನ್ನ ಮಟ್ಟಿಗೆ ಕರ್ಪೂರವೇ ಮೇಲು.

ಇನ್ನೊಂದು ಮಾತು. ಕರ್ಪೂರದ ಡಬ್ಬಿಯಲ್ಲಿ ನಾಲ್ಕು ಮೆಣಸಿನಕಾಳು ಹಾಕಿದರೆ ಅದು ಸವೆಯದೆಂದು ನಮ್ಮ ಅಜ್ಜಿಯರು ನಂಬಿದ್ದರು. ನಿಜವೋ ಸುಳ್ಳೋ ಹುಡುಗರೇ ನೋಡಲಿ. ಒಂದೇ ಬಗೆಯ ಎರಡು ಡಬ್ಬಿಗಳು, ಸಮತೂಕದ ಕರ್ಪೂರ, ಒಂದರಲ್ಲಿ ಮಾತ್ರ ಮೆಣಸು. ಊರಿನ ಅಕ್ಕಸಾಲಿಗರು ತಮ್ಮ ತಕ್ಕಡಿಯನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಕೊಡಲಾರರೆ? ತೂಗುವಾಗ ಕಾಳುಗಳನ್ನು ಹೊರಗೆ ತೆಗೆದಿಡುವುದನ್ನು ಮರೆಯಬಾರದು.