ಎಳೆಗೂಸುಗಳ ನ್ಯುಮೋನಿಯಾ ಮತ್ತು ಅದರ ಲಸಿಕೆ
(ಸಾಂಗೆಯಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸಾಂಗೆಯ ಮಳೆಗಾಲದಲ್ಲಿ ನೆಗಡಿ ಕೆಮ್ಮುಗಳು ಯಾವ ಮನೆಯನ್ನೂ ಬಿಡುವುದಿಲ್ಲ. ಆದರೆ ಕೂಸಿನ ಉಸಿರಾಟವು ವೇಗಗೊಂಡು, ಉಸಿರೆಳೆದಾಗಲೆಲ್ಲ ಪಕ್ಕೆ ಒಳಸೇರತೊಡಗಿದರೆ ಅದು ಬರಿಯ ನೆಗಡಿಯಲ್ಲ, ನ್ಯುಮೋನಿಯಾ ಇದ್ದೀತು. ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ನಮ್ಮ ಹಳ್ಳಿಗಳಲ್ಲಿ ಇಂತಹ ಕೂಸಿನ ಹೊಟ್ಟೆಗೆ ಬರೆ ಹಾಕಿಸುವ ರೂಢಿಯಿತ್ತು. ಅದರಿಂದ ಕೂಸಿಗಾದದ್ದು ರೋಗದ ಮೇಲೆ ಇನ್ನೊಂದು ನೋವು, ಅಷ್ಟೆ.

ಈ ರೋಗವನ್ನು ತರುವ ಅಣುಜೀವಿಗಳಲ್ಲಿ ಪ್ರಮುಖವಾದುದು ನ್ಯುಮೊಕಾಕಸ್. 1881ರಲ್ಲಿ ಫ್ರಾನ್ಸಿನ ಪಾಶ್ಚರನೂ ಅಮೆರಿಕೆಯ ಸ್ಟರ್ನ್‌ಬರ್ಗನೂ ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು. ಇದರ ಮೈಯನ್ನು ಸಕ್ಕರೆಯ ಜಾತಿಯ ಪದಾರ್ಥದ ಕವಚವೊಂದು ಆವರಿಸಿದೆ. ರಕ್ತದ ಬಿಳಿಯ ಕಣಗಳು ನುಂಗಲು ಹೋದರೆ, ಎಣ್ಣೆ ಹಚ್ಚಿದ ಜಟ್ಟಿಯಂತೆ ನುಣುಚಿಕೊಳ್ಳುತ್ತದೆ. ಕವಚಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳು ದೇಹದಲ್ಲಿದ್ದರೆ ಅದು ಸುಲಭವಾಗಿ ಕೈಗೆ ಸಿಗುತ್ತದೆ. ತೊಡಕು ಇರುವುದು ಇಲ್ಲಿಯೇ. ಎರಡು ವರ್ಷದೊಳಗಿನ ಕೂಸಿನ ದೇಹವು ಬರಿಯ ಸಕ್ಕರೆಯನ್ನು ಶತ್ರುವೆಂದು ಚೆನ್ನಾಗಿ ಅರಿಯಲಾರದು. ಅಪಾಯ ಹೆಚ್ಚಾಗಿರುವುದೂ ಆ ವಯಸ್ಸಿನಲ್ಲಿಯೇ!

1931ರಲ್ಲಿ ನ್ಯೂಯಾರ್ಕಿನ ಏವರಿ ಮತ್ತು ಗೋಬೆಲ್ ಎಂಬ ವಿಜ್ಞಾನಿಗಳು ಕವಚದ ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದು ಮೊಲಗಳಿಗೆ ಚುಚ್ಚಿ, ಅವುಗಳಲ್ಲಿ ಪ್ರತಿಕಾಯಗಳು ಹುಟ್ಟಿದುದನ್ನು ತೋರಿಸಿಕೊಟ್ಟರು. ಕೂಸಿನ ದೇಹದ ಟಿ-ಕೋಶಗಳು ಪ್ರೋಟೀನನ್ನು ಗುರುತಿಸಬಲ್ಲವು. ಅವು ಎಚ್ಚೆತ್ತು, ಪ್ರತಿಕಾಯಗಳನ್ನು ತಯಾರಿಸುವ ಕೋಶಗಳಿಗೆ ನೆರವಾಗುತ್ತವೆ. ಶತ್ರುವಿನ ನೆನಪೂ ಉಳಿಯುತ್ತದೆ. ಪುಣೆಯ ಸೀರಮ್ ಸಂಸ್ಥೆಯು 2020ರಲ್ಲಿ ಹೊರತಂದ ಲಸಿಕೆಯಲ್ಲಿ ಈ ಪ್ರೋಟೀನಿನ ಸ್ಥಾನದಲ್ಲಿರುವುದು ಡಿಫ್ತೀರಿಯಾ ವಿಷದ ನಿರುಪದ್ರವಿ ರೂಪ.

ಆ ಲಸಿಕೆಯಲ್ಲಿ ಹತ್ತು ಬಗೆಯ ಕವಚಗಳಿವೆ. ಜಗತ್ತಿನಲ್ಲಿರುವ ಬಗೆಗಳೋ ನೂರಕ್ಕೂ ಮಿಕ್ಕಿವೆ. ಆದುದರಿಂದ ಎಲ್ಲ ನ್ಯುಮೋನಿಯಾವನ್ನೂ ಅದು ತಡೆಯುವುದೆಂದು ನಾನು ಹೇಳಲಾರೆ. ಬಹುತೇಕ ಬಗೆಗಳಿಗೆ ಸಮಾನವಾದ ಪ್ರೋಟೀನುಗಳಿಂದಲೇ ಲಸಿಕೆ ಮಾಡುವ ಪ್ರಯೋಗಗಳೂ ನಡೆದಿವೆ.

ನಮ್ಮ ಸರಕಾರವು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಈ ಬಗೆಯ ಲಸಿಕೆಯನ್ನು ಆರಂಭಿಸಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಹೀಗೆ ಮೂರು ಸಲ ಉಚಿತವಾಗಿ ಕೊಡುತ್ತಾರೆ.

ನಮ್ಮವರಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ವಾಡಿಕೆ. ಮೊದಲ ಚುಚ್ಚುಮದ್ದು ಗದಗಿನಲ್ಲೋ ಬಾಗಿಲುಕೋಟೆಯಲ್ಲೋ ಆಗುತ್ತದೆ. ಎರಡನೆಯದರ ಹೊತ್ತಿಗೆ ತಾಯಿ ಗೋವೆಯಲ್ಲಿ, ಕಾರ್ಡು ತವರಿನ ಟ್ರಂಕಿನಲ್ಲಿ! ಕಾರ್ಡಿಲ್ಲವೆಂದು ಅಂಜಿ ಮನೆಯಲ್ಲಿ ಕೂಡ್ರಬೇಡಿರಿ. ಕೂಸನ್ನೆತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬನ್ನಿರಿ; ಊರಿನಲ್ಲಿ ಏನೇನು ಹಾಕಿಸಿದ್ದೀರೆಂದು ದಾದಿಗೆ ತಿಳಿಸಿರಿ. ವರ್ಷ ತುಂಬುವ ಮೊದಲೇ ಆರಂಭಿಸಿದ್ದರೆ, ತಪ್ಪಿಹೋದುದನ್ನು ಮುಂದೆಯೂ ಪೂರ್ಣಗೊಳಿಸುತ್ತಾರೆ.