ಮನೆಯ ಮಕ್ಕಳು, ಮಂದಿಯ ಮಕ್ಕಳು
(ಶತಮಾನೋತ್ಸವದ ಕುಟುಂಬ ದಿನದಂದು ಮಾಡಿದ ಭಾಷಣ)



ಭಾನುವಾರದ ಜ್ಞಾನೋಪದೇಶ ತರಗತಿಯನ್ನು ಹಲವು ವರುಷ ನಡೆಸಿಕೊಂಡು ಬಂದ ದಂಪತಿಗಳಾದ ನಮಗೆ ಇಂದು ಮಾತನಾಡುವ ಅವಕಾಶವನ್ನು ಕರುಣಿಸಿದ್ದೀರಿ. ಅದಕ್ಕಾಗಿ ನಾವು ಕೃತಜ್ಞರು.

ಕೆಲವು ತಿಂಗಳ ಹಿಂದೆ ಯುವ ದಂಪತಿಗಳಿಬ್ಬರು ನಮ್ಮ ಮನೆಗೆ ಬಂದರು. ಅವರಿಗೆ ಒಂದೇ ಹೆರಿಗೆಯಲ್ಲಿ ಜನಿಸಿದ ಮೂವರು ಕಂದಮ್ಮಗಳು. ಪರದೇಶಕ್ಕೆ ಹೋಗಿ ದಿಕ್ಕಿಲ್ಲದ ಮಕ್ಕಳ ನಡುವೆ ಕೆಲವು ವರುಷ ಸೇವೆ ಸಲ್ಲಿಸಬೇಕೆಂಬುದು ಮದುವೆಗೆ ಮುನ್ನವೇ ಅವರು ಮಾಡಿದ ಸಂಕಲ್ಪ. "ಮಾಸ್ತರೇ, ಅಕ್ಕಾ, ಈ ಮೂವರನ್ನು ಅಜ್ಜಿಯ ಬಳಿ ಬಿಟ್ಟು ಹೋಗೋಣವೇ? ಸಂಗಡ ಕರೆದೊಯ್ಯೋಣವೇ? ಇಲ್ಲವೇ ಸಂಕಲ್ಪವನ್ನೇ ಕೈಬಿಡೋಣವೇ?" ಎಂದು ಕೇಳಿದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಮಾತು ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

ಮೊದಲು ಮನೆಯ ಸಂಗತಿಯನ್ನು ನೋಡೋಣ. ತ್ರಿವಳಿ ಶಿಶುಗಳು ಬಹುತೇಕ ೩೭ ವಾರ ತುಂಬುವ ಮುನ್ನವೇ, ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುತ್ತವೆ. ಒಂದೊಂದು ಕೂಸಿಗೆ ದಿನಕ್ಕೆ ಎಂಟು ಸಲ ಹಾಲೂಡಿಸಿದರೂ ಮೂವರಿಗೆ ೨೪ ಸಲವಾಯಿತು. ಗಂಟೆಗೊಂದು ಸಲ, ರಾತ್ರಿಯೂ ಬಿಡುವಿಲ್ಲ. ಇಂಥ ಹಗುರ ಕೂಸುಗಳನ್ನು ಎದೆಗವಚಿ ಮೈಯ ಬಿಸುಪಿನಲ್ಲಿ ಇರಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ತಾಯಿಯೊಬ್ಬಳಿಂದಲೇ ಇದು ಆಗದು. ತಂದೆಯೂ ಅಜ್ಜಿಯೂ ಹಾಗೆ ಎತ್ತಿಕೊಳ್ಳಬಹುದು. ಮೂರು ಮಕ್ಕಳಿಗೆ ಎರಡು ಕೈ ಸಾಲದು, ನಾಲ್ಕು ಕೈಯೂ ಸಾಲದು ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು.

ಸೇವೆಗೆ ಹೊರಟ ತಂದೆತಾಯಿಗಳ ಕಷ್ಟ ನಮ್ಮ ಸೀಮೆಗೆ ಹೊಸದಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಸಹೋದರರು ಮುಂದೆ ಧಾರವಾಡ, ಹುಬ್ಬಳ್ಳಿಗಳಲ್ಲಿಯೂ, ನಮ್ಮ ಮಗ್ಗುಲಿನ ಬೆಟಗೇರಿ, ಗುಳೇದಗುಡ್ಡಗಳಲ್ಲಿಯೂ ನೆಲೆಸಿದರು. ಅವರು ಇಲ್ಲಿಯ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಆದರೆ ಅವರ ಸ್ವಂತ ಮಕ್ಕಳಲ್ಲಿ ಅನೇಕರನ್ನು ಎಳೆಯ ವಯಸ್ಸಿನಲ್ಲಿಯೇ ಹಡಗು ಹತ್ತಿಸಿ ಯುರೋಪಿಗೆ ಕಳುಹಿಸಲಾಯಿತು. ಇಲ್ಲಿಯ ಬಿಸಿಲು, ಜ್ವರ, ಅಲ್ಲಿಯ ವಿದ್ಯಾಭ್ಯಾಸ ಇವೇ ಕಾರಣಗಳು. ಅವರಿಗೆಂದೇ ಬಾಸೆಲ್ ನಗರದಲ್ಲಿ ಒಂದು ಮಕ್ಕಳ ಮನೆಯೂ ಸ್ಥಾಪನೆಯಾಯಿತು.

ಮಲೆಯಾಳ ಭಾಷೆಗೆ ನಿಘಂಟನ್ನು ಕೊಟ್ಟ ಹೆರ್ಮನ್ ಗುಂಡರ್ಟ್ ಅವರ ಪತ್ನಿ ಜೂಲಿ ಅವರು ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿ ಪರರ ಮಕ್ಕಳಿಗೆ ತಾಯಿಯಾದರು. ಅವರ ಸ್ವಂತ ಮಗಳು ಮರೀ, ೧೮೪೨ರಲ್ಲಿ ಅಲ್ಲಿಯೇ ಹುಟ್ಟಿದವಳು, ಬಾಲ್ಯವನ್ನು ತಂದೆತಾಯಿಗಳಿಂದ ದೂರ ಯುರೋಪಿನಲ್ಲಿ ಕಳೆದು, ಹದಿಹರೆಯದಲ್ಲಿ ಮರಳಿ ಅವರನ್ನು ಕಂಡಳು. ಈಕೆಯೇ ಮುಂದೆ ಹೆಸರಾಂತ ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿಯಾದಳು. ಆ ಹಿರಿಯರನ್ನು ದೂರುವ ಯೋಗ್ಯತೆ ನಮಗಿಲ್ಲ, ಕಾಲ ಅಂಥದು. ಆದರೆ ಅವರ ಸೇವೆಯ ಬೆಲೆಯಲ್ಲಿ ಒಂದು ಪಾಲನ್ನು ಮಕ್ಕಳು ತೆತ್ತರೆಂಬುದನ್ನು ಮರೆಯುವಂತಿಲ್ಲ.

ಬಂಧುಗಳೇ, ಈ ಬೆಲೆ ಎಂಥದೆಂದು ನಮ್ಮ ಜನ ಬಲ್ಲರು. ತುಂಗಭದ್ರೆಯ ಕಾಲುವೆಯ ನೀರು ಗಂಗಾವತಿಯ ಗದ್ದೆಗಳಲ್ಲಿ ಭತ್ತ ಬೆಳೆಸಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಬಯಲಿನಿಂದ ಜನ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕೂಸನ್ನು ಒಯ್ದರೆ ಅದು ಕೆಲಸದ ಜಾಗದ ಮಣ್ಣಿನಲ್ಲಿ ಬೆಳೆಯಬೇಕು, ಶಾಲೆ ತಪ್ಪುತ್ತದೆ. ಬಿಟ್ಟು ಹೋದರೆ ಅಜ್ಜಿಯ ಕೌದಿಯಲ್ಲಿ ಮಲಗಿ ತಾಯಿಯ ದಾರಿ ಕಾಯಬೇಕು. ಹೊಟ್ಟೆಯ ಕರೆಗೆ ಹೋದವರಿಗೂ ದೇವರ ಕರೆಗೆ ಹೋದವರಿಗೂ ಈ ಒಂದು ನೋವು ಸಮಾನ.

ಹಾಗಾದರೆ ಸೇವೆಯೂ ಸಂಸಾರವೂ ಒಂದಕ್ಕೊಂದು ವೈರಿಗಳೇ? ಅಲ್ಲವೆಂದು ಸಂತ ಲೂಯಿ ಮತ್ತು ಸಂತ ಜೆಲಿ ಮಾರ್ತಾಂ ದಂಪತಿಗಳ ಬಾಳು ತೋರಿಸುತ್ತದೆ. ಫ್ರಾನ್ಸ್ ದೇಶದ ಅಲಾಂಸೋಂ ಎಂಬ ಊರಿನಲ್ಲಿ ಪತಿ ಗಡಿಯಾರದ ಕಸುಬಿನವರು, ಪತ್ನಿ ಕಸೂತಿಯ ಜಾಲರಿ ನೆಯ್ಗೆಯವರು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಐವರು ಹೆಣ್ಣುಮಕ್ಕಳು. ಪತ್ನಿಯ ಉದ್ಯಮ ಬೆಳೆದಾಗ ಪತಿಯು ತಮ್ಮ ಅಂಗಡಿಯನ್ನು ಬಿಟ್ಟುಕೊಟ್ಟು ಆಕೆಗೆ ನೆರವಾದರು. ೧೮೭೩ರಲ್ಲಿ ಹುಟ್ಟಿದ ಕಿರಿಯ ಕೂಸು ಸಾಯುವ ಸ್ಥಿತಿಗೆ ಬಂದಾಗ ತಾಯಿಯು ಅದನ್ನು ರೋಸ್ ತಾಯೇ ಎಂಬ ಹಳ್ಳಿಯ ರೈತಹೆಂಗಸಿನ ಕೈಗಿತ್ತರು. ಆಕೆ ಒಂದು ವರುಷಕ್ಕೂ ಮೇಲೆ ಮೊಲೆಯೂಡಿಸಿ ಉಳಿಸಿಕೊಟ್ಟ ಆ ಕೂಸೇ ನಮ್ಮ ಸಂತ ಕಿರು ತೆರೇಸಮ್ಮನವರು. ೧೫ನೆಯ ವಯಸ್ಸಿಗೆ ಕಾರ್ಮೆಲ್ ಮಠವನ್ನು ಸೇರಿ, ೨೪ನೆಯ ವಯಸ್ಸಿನಲ್ಲಿ ತೀರಿಕೊಂಡ ಆಕೆ ಯಾವ ಪರದೇಶದಲ್ಲಿಯೂ ಧರ್ಮಪ್ರಚಾರ ಮಾಡಿದವರಲ್ಲ. ಆದರೂ ೧೯೨೭ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು ಆಕೆಯನ್ನು ಸಂತ ಫ್ರಾನ್ಸಿಸ್ ಸೇವಿಯರರ ಜೊತೆಗೆ ಧರ್ಮಪ್ರಚಾರದ ಪಾಲಕಿಯೆಂದು ಸಾರಿದರು. ೨೦೧೫ರಲ್ಲಿ ಆ ತಂದೆತಾಯಿಗಳೂ ಜೊತೆಯಾಗಿ ಸಂತ ಪದವಿಗೇರಿದರು. ಈ ಕಥೆಯಲ್ಲಿ ರೋಸ್ ತಾಯೇ ಅವರ ಎದೆಹಾಲನ್ನು ತೆಗೆದುಹಾಕಿದರೆ ಉಳಿಯುವುದೇನು?

೧೮೪೩ರಲ್ಲಿ ಫ್ರಾನ್ಸಿನ ಧರ್ಮಾಧ್ಯಕ್ಷ ಫೋರ್ಬಾಂ ಜಾನ್ಸೋಂ ಅವರು ಪವಿತ್ರ ಬಾಲ್ಯದ ಸಂಘವನ್ನು ಸ್ಥಾಪಿಸಿದರು. ದಿನಕ್ಕೊಂದು ನಮೋ ಮರಿಯಾ ಪ್ರಾರ್ಥನೆ, ತಿಂಗಳಿಗೊಂದು ಚಿಕ್ಕಾಸು, ಇಷ್ಟನ್ನೇ ಅವರು ಮಕ್ಕಳಿಂದ ಬೇಡಿದ್ದು. ದೂರದೇಶದ ಮಕ್ಕಳಿಗೆ ನೆರವಾಗಲು ಹಡಗನ್ನೇ ಹತ್ತಬೇಕಾಗಿಲ್ಲವೆಂದು ಆ ಎಳೆಯರು ತೋರಿಸಿದರು.

ನಮ್ಮ ತಪ್ಪನ್ನೂ ಇಲ್ಲಿ ಹೇಳಿಕೊಳ್ಳುತ್ತೇವೆ. ಭಾನುವಾರಗಳಲ್ಲಿ ಊರ ಮಕ್ಕಳಿಗೆಲ್ಲ ಪಾಠ ಹೇಳುತ್ತ, ನಮ್ಮ ಮಗಳನ್ನು ಹಿಂದಿನ ಸಾಲಿನಲ್ಲಿ ಕುಳ್ಳಿರಿಸಿ ಮರೆತೆವು. ಒಂದು ದಿನ ಮನೆಯಲ್ಲಿ ಅವಳು ತಾಯಿಯನ್ನು "ಟೀಚರ್" ಎಂದು ಕರೆದಳು. ತಮಾಷೆಯೆಂದು ನಕ್ಕೆವು, ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಆದುದರಿಂದ ಆ ದಂಪತಿಗಳಿಗೆ ನಮ್ಮ ಉತ್ತರವಿದು: ಮೂವರನ್ನೂ ಬಿಟ್ಟು ಹೋಗಬೇಡಿರಿ. ಸಂಕಲ್ಪವನ್ನೂ ಕೈಬಿಡಬೇಡಿರಿ. ಅವರು ನಿಮ್ಮ ಕೈಹಿಡಿದು ನಡೆಯುವ ದಿನ ಬರಲಿ, ಅಲ್ಲಿ ಮಕ್ಕಳಿಗೆ ವೈದ್ಯರೂ ಶಾಲೆಯೂ ಉಂಟೆಂದು ತಿಳಿದ ಬಳಿಕ ಐವರೂ ಕೂಡಿ ಹೊರಡಿರಿ. ಅಲ್ಲಿಯವರೆಗೆ ಗುಳೆ ಹೋದವರ ಮನೆಯ ಮಕ್ಕಳಲ್ಲಿ ಒಬ್ಬರನ್ನೋ ಇಬ್ಬರನ್ನೋ ನಿಮ್ಮ ಮೂವರ ಪಂಕ್ತಿಯಲ್ಲಿ ಕೂಡಿಸಿಕೊಂಡು ಉಣಬಡಿಸಿರಿ. ಅದೂ ಧರ್ಮಪ್ರಚಾರವೇ.

ಇನ್ನು ಧರ್ಮಕೇಂದ್ರದ ನಮ್ಮೆಲ್ಲರಿಗೆ ಒಂದು ಬಿನ್ನಹ. ನೂರು ವರುಷದ ಈ ದೇವಾಲಯದಲ್ಲಿ ಮಗುವಿಗೆ ಜ್ಞಾನಸ್ನಾನವಾಗುವಾಗ ನಾವೆಲ್ಲ ಸುತ್ತ ನಿಂತು ಸಾಕ್ಷಿಗಳಾಗುತ್ತೇವೆ. ಹಾಲೂಡಿಸುವ ೨೪ ಸರದಿಗಳಲ್ಲಿ ಎರಡನ್ನಾದರೂ ನಾವು ಹೊತ್ತುಕೊಳ್ಳದಿದ್ದರೆ ಆ ಸಾಕ್ಷ್ಯಕ್ಕೆ ಬೆಲೆಯೇನು? ವಿಶ್ರಾಂತಿಯಲ್ಲಿರುವ ಹಿರಿಯ ತಾಯಂದಿರು ಹಗಲಿಗೆ, ತರುಣರು ನೀರು, ಔಷಧ ತರುವುದಕ್ಕೆ, ನಾವು ಇಬ್ಬರು ವಾರಕ್ಕೆರಡು ರಾತ್ರಿಗೆ ಒಪ್ಪಿದ್ದೇವೆ. ಉಳಿದ ರಾತ್ರಿಗಳಿಗೆ ಹೆಸರು ಕೊಡುವವರು ಪೂಜೆಯ ನಂತರ ನಮ್ಮನ್ನು ಕಾಣಬೇಕೆಂದು ಕೋರುತ್ತೇವೆ.

ಮಕ್ಕಳನ್ನು ಅಪ್ಪಿ ಆಶೀರ್ವದಿಸಿದ ಕ್ರಿಸ್ತಪ್ರಭು ಅವರು ಯಾರ ಮಕ್ಕಳೆಂದು ಕೇಳಲಿಲ್ಲ. ಆತನ ಕೃಪೆಯು ಆ ಮೂವರ ಮೇಲೆಯೂ, ದೂರದ ಮಕ್ಕಳ ಮೇಲೆಯೂ, ನಮ್ಮೆಲ್ಲರ ಮನೆಗಳ ಮೇಲೆಯೂ ಇರಲಿ.