ತೊಟ್ಟಿಲಿನ ಬಿಲ್ಲಾಳು

ನಿಮ್ಮ ಮನೆಯಲ್ಲಿ ಎರಡು ಮೂರು ತಿಂಗಳ ಕೂಸಿದ್ದರೆ, ಅದು ಅಂಗಾತ ಮಲಗಿರುವಾಗ ಒಮ್ಮೆ ಸಾವಧಾನವಾಗಿ ನೋಡಿ. ಕೂಸು ಬಲಕ್ಕೆ ಮುಖ ತಿರುಗಿಸಿತೆನ್ನಿ. ಬಲಗೈ ನೀಳವಾಗಿ ಚಾಚಿಕೊಳ್ಳುತ್ತದೆ, ಎಡಗೈ ಮಡಿಸಿಕೊಂಡು ತಲೆಯ ಹಿಂಬದಿಗೆ ಸರಿಯುತ್ತದೆ. ಎಡಕ್ಕೆ ತಿರುಗಿದರೆ ಕೈಗಳ ಕೆಲಸವೂ ಅದಲುಬದಲು. ಹೆದೆಯನ್ನು ಕಿವಿಯವರೆಗೆ ಸೆಳೆದು ಗುರಿಯಿಟ್ಟ ಬಿಲ್ಲಾಳಿನ ನಿಲುವು ಅದು.

ಕೂಸಿಗೆ ಇದನ್ನು ಕಲಿಸಿದವರಾರು? ಯಾರೂ ಇಲ್ಲ. ಇಚ್ಛೆಯ ಅಪ್ಪಣೆಯಿಲ್ಲದೆ ನಡೆಯುವ ಇಂಥ ಚಲನೆಗೆ ಪ್ರತಿವರ್ತನ ಕ್ರಿಯೆ ಎಂದು ಹೆಸರು. ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುವುದೂ ಇದೇ ಜಾತಿ. ಕತ್ತು ತಿರುಗಿದಾಗ ಅಲ್ಲಿನ ಕೀಲು ಸ್ನಾಯುಗಳ ಸುದ್ದಿ ನರಗಳ ಮೂಲಕ ಮೆದುಳಿನ ಬುಡಕ್ಕೆ ಮುಟ್ಟುತ್ತದೆ. ಅಲ್ಲಿಂದ ಬೆನ್ನುಹುರಿಯ ಹಾದಿಯಾಗಿ ತೋಳುಗಳಿಗೆ ಆಜ್ಞೆ ಇಳಿಯುತ್ತದೆ. ಮುಖದ ಕಡೆಯ ತೋಳಿನಲ್ಲಿ ಚಾಚುವ ಸ್ನಾಯು ಬಿಗಿಯುತ್ತದೆ, ಹಿಂದಲೆಯ ಕಡೆಯ ತೋಳಿನಲ್ಲಿ ಮಡಿಸುವ ಸ್ನಾಯು.

ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ರುಡಾಲ್ಫ್ ಮ್ಯಾಗ್ನಸ್ ಮತ್ತು ಡಿ ಕ್ಲೈನ್ ಎಂಬ ವಿಜ್ಞಾನಿಗಳು 1912ರಲ್ಲಿ ಈ ನಿಯಮವನ್ನು ವಿವರಿಸಿದರು. ಇಚ್ಛೆಯ ಪೀಠವಾದ ದೊಡ್ಡ ಮೆದುಳಿನ ಸಂಪರ್ಕ ಕಡಿದ ಬೆಕ್ಕಿನ ತಲೆಯನ್ನು ತಿರುಗಿಸಿದರೆ ಸಾಕು, ಮುಂಗಾಲುಗಳು ಹೀಗೆಯೇ ಒಂದು ಚಾಚಿ ಒಂದು ಮಡಿಯುತ್ತಿದ್ದವು. ದೊಡ್ಡ ಮೆದುಳಿನ ಅಂಕೆಯಿಲ್ಲದಾಗ ಕತ್ತೇ ಕೈಗಳ ಯಜಮಾನ. ಎಳೆಗೂಸಿನಲ್ಲಿ ಈ ಅಂಕೆ ಇನ್ನೂ ಬಲಿತಿರುವುದಿಲ್ಲ. ಅದು ಬಲಿತಂತೆ, ಸುಮಾರು 6 ತಿಂಗಳ ಹೊತ್ತಿಗೆ, ಈ ಭಂಗಿ ಮರೆಯಾಗಬೇಕು. ಮರೆಯಾದರೆ ಮಗುವಿಗೆ ಮಗುಚಿಕೊಳ್ಳುವುದು, ಎರಡೂ ಕೈ ಕೂಡಿಸಿ ಗಿಲಕಿ ಹಿಡಿಯುವುದು, ಕಂಡದ್ದನ್ನು ಬಾಯಿಗೆ ಒಯ್ಯುವುದು ಸುಲಭ.

ಮರೆಯಾಗದಿದ್ದರೆ? ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ತಾಯಿಯೊಬ್ಬಳು 9 ತಿಂಗಳ ಮಗನನ್ನೆತ್ತಿಕೊಂಡು ನಮ್ಮ ಜಗಲಿಗೆ ಬಂದಳು. "ಮೇಷ್ಟ್ರೇ, ನೀವು ಓದಿದವರು, ಹೇಳಿ. ಇವನು ಬಿಸ್ಕತ್ತಿನ ಕಡೆ ತಿರುಗಿದರೆ ಆ ಕೈ ಸೆಟೆದುಕೊಳ್ಳುತ್ತದೆ, ಬಾಯಿಗೆ ಬರುವುದೇ ಇಲ್ಲ" ಎಂದಳು. "ಬೆಳೆದಂತೆ ಸರಿಹೋಗುತ್ತದಮ್ಮ" ಎಂದು ಸಮಾಧಾನ ಹೇಳಿ ಕಳುಹಿಸಿದೆ. ವ್ಯಾಕರಣ ಬಲ್ಲವನು ವೈದ್ಯವನ್ನೂ ಬಲ್ಲನೆಂದು ಆಕೆ ನಂಬಿದಳು. ಆರು ತಿಂಗಳು ಕಾದಳು. ಆ ಮೇಲೆ ವೈದ್ಯರು ನೋಡಿ, ಮಗುವಿನ ಮೆದುಳಿಗೆ ಪೆಟ್ಟಾಗಿದೆ, ಇದು ಸೆರೆಬ್ರಲ್ ಪಾಲ್ಸಿ ಎಂದರು. ವ್ಯಾಯಾಮ ಹೇಳಿಕೊಟ್ಟರು, ಉಣಿಸುವಾಗ ತಲೆ ಪಕ್ಕಕ್ಕೆ ಹೊರಳದಂತೆ ನೆಟ್ಟಗೆ ಕೂರಿಸುವುದನ್ನು ಕಲಿಸಿದರು. ಹುಡುಗ ಈಗ ತನ್ನ ತುತ್ತನ್ನು ತಾನೇ ಎತ್ತುತ್ತಾನೆ. ಆ ಆರು ತಿಂಗಳನ್ನು ಮಾತ್ರ ನಾನು ಹಿಂದಿರುಗಿಸಲಾರೆ.

ಆದುದರಿಂದ ಮನೆಯ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ. 3 ತಿಂಗಳ ಕೂಸು ಬಿಲ್ಲಾಳಾದರೆ ನೋಡಿ ಸಂತೋಷಪಡಿ. ದೃಷ್ಟಿ ತಾಕಿತೆಂದು ಹೆದರಬೇಡಿ, ಕೈಯನ್ನು ಬಲವಂತವಾಗಿ ಮಡಿಸಬೇಡಿ. ಆದರೆ 6 ತಿಂಗಳು ಕಳೆದೂ ಭಂಗಿ ಉಳಿದರೆ, ಇಲ್ಲವೆ ಯಾವ ತಿಂಗಳಿನಲ್ಲೇ ಆಗಲಿ ಕೂಸು ಅದರಲ್ಲಿ ಸಿಕ್ಕಿಕೊಂಡು ಬಿಡಿಸಿಕೊಳ್ಳಲಾರದಾದರೆ, ನನ್ನಂತೆ ಸಮಾಧಾನ ಹೇಳಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ.